ಇಳಿವಯಸ್ಸಲ್ಲಿ, ನಮ್ಮ ಹತ್ತಿರ ಇರೋದನ್ನ ನೆನೆದು ಮನಸ್ಸು ತುಂಬಿ ಬರೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು, ಸರಸ್ವತಿಪುರಂ, ಮೈಸೂರು:
ನಿವೃತ್ತಿಯಾಗಿ ಕೆಲವು ವರ್ಷ ಆಯ್ತು. ಪಿಂಚಣಿ ಬರುತ್ತೆ, ಸ್ವಂತ ಮನೆ ಇದೆ, ಮಕ್ಕಳು ಪರವೂರಲ್ಲಿ ಚೆನ್ನಾಗಿದ್ದಾರೆ. ಆದರೂ ಬೆಳಗೆದ್ದರೆ ಇಲ್ಲದ್ದೇ ಕಣ್ಣಿಗೆ ಬೀಳುತ್ತೆ. ನೀವೆಲ್ಲ ಏನು ಮಾಡ್ತೀರಿ?

ಕುವೆಂಪುನಗರದ ನಿವೃತ್ತ ಶಿಕ್ಷಕಿ:
ಸಾರ್, ‘ದೇವರು ಎಲ್ಲ ಕೊಟ್ಟಿದ್ದಾನೆ’ ಅಂತ ಒಟ್ಟಾಗಿ ಅಂದುಕೊಂಡರೆ ನನಗೆ ಏನೂ ಅನ್ನಿಸೋದಿಲ್ಲ. ಒಂದೊಂದನ್ನೇ ಹಿಡಿದು ನೆನೆದರೆ ಅನ್ನಿಸುತ್ತೆ. ಇದು ಶುರುವಾಗಿದ್ದು ಕಣ್ಣಿನ ಪೊರೆ ಆಪರೇಷನ್ ಆದಮೇಲೆ. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ಬಿಳಿ ಮಾಸಲಾಗಿ, ನೀಲಿ ಮಂಕಾಗಿ ಕಾಣುತ್ತೆ. ನಿಧಾನವಾಗಿ ಆಗೋದರಿಂದ ನಮಗೆ ತಿಳಿಯೋದೇ ಇಲ್ಲ. ಡಾಕ್ಟರು ಹೊರಗೆ ಓಡಾಡಿ ಅಂದಮೇಲೆ ದೇವರಾಜ ಮಾರುಕಟ್ಟೆಗೆ ಹೋದೆ. ಮಲ್ಲಿಗೆ ರಾಶಿ ಎದುರು ನಿಂತೇಬಿಟ್ಟೆ, ಅಷ್ಟು ಬಿಳುಪು! ಹೂವಿನಾಕೆಗೆ ಅದನ್ನೇ ಹೇಳಿದೆ. ಆಕೆ ಮುಖ ಅರಳಿದ್ದು ನೋಡಿ, ಇದನ್ನ ಮನಸ್ಸಲ್ಲೇ ಇಟ್ಟುಕೊಳ್ಳಬಾರದು, ಬಾಯಿಬಿಟ್ಟು ಹೇಳಬೇಕು ಅನ್ನಿಸ್ತು.

ಈಗ ನಮ್ಮ ಬೀದಿ ಗುಡಿಸೋ ಪೌರಕಾರ್ಮಿಕ ಹೆಣ್ಣುಮಗಳ ಹತ್ತಿರ ನಿಂತು ಮಾತಾಡ್ತೀನಿ. ದೇಶದ ನಗರಗಳ ಸ್ವಚ್ಛತೆ ಅಳೆಯೋ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲು ಬಂತಲ್ಲ, ಅದು ಇಂಥವರ ದುಡಿಮೆ. ಅವರಿಗೆ ಎದುರಿಗೇ ಹೇಳೋರು ಎಷ್ಟು ಜನ? ಇನ್ನು ಬಸ್ಸು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ನಂಜನಗೂಡಿನ ತಂಗಿ ಮನೆಗೆ ಯಾರ ಹತ್ತಿರಾನೂ ಕಾಸು ಕೇಳದೆ ಹೋಗಿಬರ್ತೀನಿ. ದಾರಿಯುದ್ದಕ್ಕೂ ಕಿಟಕಿ ಪಕ್ಕ ಕೂತಿರ್ತೀನಿ, ಆ ಸುಖಕ್ಕೆ ಬೆಲೆ ಕಟ್ಟೋಕಾಗಲ್ಲ.

ಶ್ರೀರಾಂಪುರದ ನಿವೃತ್ತ ನರ್ಸ್:
ಒಂದು ವಿಷಯ ಸೇರಿಸ್ತೀನಿ. ಎರಡು ವಾರ ಕಳೆದರೂ ನಿದ್ದೆ ಊಟ ಸರಿಹೋಗದೆ, ಯಾವುದೂ ಬೇಡ ಅನ್ನಿಸ್ತಿದ್ದರೆ ಅದು ಕೃತಜ್ಞತೆಯ ಕೊರತೆ ಅಲ್ಲ, ಕಾಯಿಲೆ ಇರಬಹುದು. ಥೈರಾಯ್ಡ್ ಏರುಪೇರಾದರೂ, ಬಿ12 ಕಡಿಮೆಯಾದರೂ ಹೀಗಾಗುತ್ತೆ. ರಕ್ತ ಪರೀಕ್ಷೆ ಮಾಡಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಮಂಡ್ಯ ಕಡೆಯ ರೈತರು:
ಅಣ್ಣ, ನಮ್ಮದು ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ನೀರು ತರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಕಟ್ಟೆ ತುಂಬೋದು 124.80 ಅಡಿಗೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಮೊದಲು ಆ ಲೆಕ್ಕವೇ ನೋಡೋದು. 2023ರಲ್ಲಿ ಬರ, ಕಟ್ಟೆ ತುಂಬಲೇ ಇಲ್ಲ. ಮುಂದಿನ ವರ್ಷ ಜುಲೈನಲ್ಲಿ ತುಂಬ್ತು. ಗದ್ದೆಗೆ ನೀರು ಹರಿದಾಗ ನಾನು, ನಮ್ಮನೆಯವಳು ಬದು ಮೇಲೆ ನಿಂತು ನೋಡಿದ್ದೇ ನೋಡಿದ್ದು. ಇಲ್ಲದ ವರ್ಷ ಕಂಡಿದ್ದಕ್ಕೇ ಇರೋ ವರ್ಷದ ಬೆಲೆ ತಿಳೀತು. ಮಂಡಿನೋವು ಅಂತ ಈಗ ಬೇಸಾಯ ಮಗನಿಗೆ ಬಿಟ್ಟಿದೀನಿ, ಆದರೂ ನೀರು ಕಟ್ಟೋ ಹೊತ್ತಿಗೆ ಹೋಗಿ ನಿಂತ್ಕತೀನಿ. ರಾತ್ರಿ ಟಿವಿ ಆರಿಸಿ ಒಟ್ಟಿಗೆ ಕೂತು ಮುದ್ದೆ, ಸೊಪ್ಪಿನ ಸಾರು ಉಣ್ತೀವಿ. ಸಾರು ಚೆನ್ನಾಗಿದ್ದರೆ ಚೆನ್ನಾಗದೆ ಅಂತೀನಿ. ನೀವೂ ಒಬ್ಬರೇ ಉಣ್ಣಬೇಡಿ, ಪಕ್ಕದ ಮನೆಯವರನ್ನಾದರೂ ಕರೀರಿ. ಅರವತ್ತು ದಾಟಿದವರಿಗೆ ಸಾರಿಗೆ ಬಸ್ಸಲ್ಲಿ ಟಿಕೆಟ್‌ಗೆ ರಿಯಾಯಿತಿ ಇದೆಯಲ್ಲ, ಒಂದಿನ ನಮ್ಮೂರಿಗೇ ಬನ್ನಿ ಅಣ್ಣ, ಊಟಕ್ಕೆ ನಿಂತೇ ಹೋಗಬೇಕು.