ಸಮಾಂತರ ತ್ರಿವಳಿಗಳ ಸಮಮಿತ ವಿಭಜನೆಗಳನ್ನು ಎಣಿಸುವುದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ಗಣಿತ ಶಿಕ್ಷಕಿ, ಉಡುಪಿ): ನಮಸ್ಕಾರ ಸರ್. 1ರಿಂದ 12ರವರೆಗಿನ ಸಂಖ್ಯೆಗಳನ್ನು ಬರೆದ ರಟ್ಟಿನ ತುಂಡುಗಳನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಕೊಟ್ಟು, ಒಂದೂ ಉಳಿಯದಂತೆ ಮೂರು ಮೂರು ಪದಗಳ ಸಮಾಂತರ ಶ್ರೇಢಿಗಳಾಗಿ, ಅಂದರೆ ಒಂದೇ ಅಂತರದಲ್ಲಿ ಏರುವ ತ್ರಿವಳಿಗಳಾಗಿ, ಜೋಡಿಸಲು ಹೇಳಿದ್ದೆ. ಒಟ್ಟು 15 ಬಗೆಗಳು ಸಿಕ್ಕವು. ಅವುಗಳಲ್ಲಿ ಕೆಲವನ್ನು ತಿರುಗಿಸಿದರೂ, ಅಂದರೆ ಪ್ರತಿ ಸಂಖ್ಯೆಯನ್ನು 13ರಿಂದ ಕಳೆದು ಬರೆದರೂ, ಅದೇ ವಿಭಜನೆ ಮರಳಿ ಬರುತ್ತದೆ. ಇಂಥ ಸಮಮಿತ ವಿಭಜನೆಗಳನ್ನು ಮಾತ್ರ ನೇರವಾಗಿ ಎಣಿಸಬಹುದೇ?

ಉತ್ತರ (ಗಣಿತ ಪ್ರಾಧ್ಯಾಪಕ, ಮಂಗಳೂರು): ಎಣಿಸಬಹುದು ಮೇಡಂ, ಎಲ್ಲವನ್ನೂ ಪಟ್ಟಿ ಮಾಡಿ ಆಮೇಲೆ ಸೋಸಬೇಕಾಗಿಲ್ಲ. ಒಂದು ತ್ರಿವಳಿ ತನಗೆ ತಾನೇ ಪ್ರತಿಬಿಂಬವಾಗಬೇಕಾದರೆ, ಅಂದರೆ 13ರಿಂದ ಕಳೆದಾಗ ಅದೇ ತ್ರಿವಳಿ ಮರಳಿ ಬರಬೇಕಾದರೆ, ಅದರ ನಡುವಿನ ಪದ ಕದಲದೆ ಉಳಿಯಬೇಕು, ಆದರೆ 13ರ ಅರ್ಧ ಪೂರ್ಣಾಂಕವಲ್ಲದ ಕಾರಣ ಇಲ್ಲಿ ಅಂಥ ಪದವೇ ಇಲ್ಲ. ಆದ್ದರಿಂದ ನಾಲ್ಕು ತ್ರಿವಳಿಗಳು ಎರಡು ಜೋಡಿಗಳಾಗಿಯೇ ಬರಬೇಕು. 1 ಇರುವ ತ್ರಿವಳಿಯನ್ನು ಆರಿಸಿದೊಡನೆ 12 ಇರುವುದು ತಾನಾಗಿ ನಿಶ್ಚಯವಾಗುತ್ತದೆ. ಸಾಮಾನ್ಯ ವ್ಯತ್ಯಾಸ 1 ಆದರೆ 4ರಿಂದ 9 ಉಳಿಯುತ್ತವೆ, ಅವು 4-5-6, 7-8-9 ಎಂದೋ 4-6-8, 5-7-9 ಎಂದೋ ಒಡೆಯುತ್ತವೆ. ವ್ಯತ್ಯಾಸ 2, 4, 5ಕ್ಕೆ ಒಂದೊಂದೇ ಬಗೆ. ವ್ಯತ್ಯಾಸ 3 ಮಾತ್ರ ಕೈಕೊಡುತ್ತದೆ: 1-4-7 ಮತ್ತು 6-9-12 ತೆಗೆದ ಮೇಲೆ 2ಕ್ಕೆ ಒದಗುವುದು 2-5-8 ಒಂದೇ, ಅದರ ಪ್ರತಿಬಿಂಬವಾದ 5-8-11ಕ್ಕೂ ಅದೇ 5 ಮತ್ತು 8 ಬೇಕು. ಹೀಗೆ ಒಟ್ಟು 5. ಉಳಿದ 10 ವಿಭಜನೆಗಳು ಒಂದಕ್ಕೊಂದು ಪ್ರತಿಬಿಂಬವಾಗಿ 5 ಜೋಡಿಗಳಾಗುತ್ತವೆ. ಇದರಿಂದ ಒಟ್ಟು ಎಣಿಕೆ ಬೆಸವಾದರೆ ಸಮಮಿತ ಎಣಿಕೆಯೂ ಬೆಸವಾಗಿರಲೇಬೇಕು. ಮಕ್ಕಳ ಉತ್ತರವನ್ನು ತಾಳೆ ನೋಡಲು ಇದು ನನಗೆ ಬಹಳ ಇಷ್ಟವಾದ ಉಪಾಯ.

ಮರುಪ್ರಶ್ನೆ: 1ರಿಂದ 15ರವರೆಗೆ ತೆಗೆದುಕೊಂಡರೆ ನಡುವೆ 8 ಬರುತ್ತದಲ್ಲ ಸರ್, ಆಗ ಏನಾಗುತ್ತದೆ?

ಉತ್ತರ: ಆಗ ಪ್ರತಿಫಲನವೆಂದರೆ 16ರಿಂದ ಕಳೆಯುವುದು, 8 ಕದಲುವುದಿಲ್ಲ. ಹಾಗಾಗಿ 8 ಇರುವ ತ್ರಿವಳಿ, ಅದೊಂದೇ, ತನ್ನದೇ ಪ್ರತಿಬಿಂಬವಾಗುತ್ತದೆ ಮತ್ತು 8 ಅದರ ನಡುವಿನ ಪದವೇ ಆಗಿರುತ್ತದೆ. ಅದರ ವ್ಯತ್ಯಾಸವನ್ನು 1ರಿಂದ 7ರವರೆಗೆ ಒಂದೊಂದಾಗಿ ಹಿಡಿದು ಉಳಿದ 12 ಸಂಖ್ಯೆಗಳನ್ನು ಮೊದಲಿನಂತೆಯೇ ಜೋಡಿಸಿದರೆ ಕ್ರಮವಾಗಿ 3, 2, 2, 1, 2, 2, 3 ಬಗೆಗಳು, ಅಂದರೆ ಒಟ್ಟು 15 ದೊರೆಯುತ್ತವೆ. ಎಲ್ಲ ವಿಭಜನೆಗಳೂ ಸೇರಿ 55, ಎರಡೂ ಬೆಸ. ಈ ಸಾಲೂ ಎಡಬಲ ಒಂದೇ ಆಗಿರುವುದನ್ನು ಕಂಡು ಮಕ್ಕಳು ನಿಯಮವೊಂದನ್ನು ಊಹಿಸಿಬಿಟ್ಟಾರು. ಅವರಿಂದ 1ರಿಂದ 9ರವರೆಗಿನದನ್ನು ಮಾಡಿಸಿ: 5ನ್ನು ನಡುವಿಟ್ಟ ತ್ರಿವಳಿಯ ವ್ಯತ್ಯಾಸ 1, 2, 3, 4 ಆದಾಗ ಸಿಗುವುದು 1, 0, 1, 1, ಈ ಸಾಲು ಎಡಬಲ ಒಂದೇ ಆಗಿಲ್ಲ.