ಸಿಲಿಂಡರ್ ಹೆಡ್ ಎರಕದಲ್ಲಿ ರಂಧ್ರಗಳು: ತಪ್ಪು ಮರಳಿನದೇ?

ಪ್ರಶ್ನೆ:
ಬಿಡಿಭಾಗ ಸಿಗದ ಹಳೆಯ ಒಂಟಿ ಸಿಲಿಂಡರ್ ಎಂಜಿನ್ನಿಗೆ ಅಲ್ಯೂಮಿನಿಯಂ ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಬೇಕಿತ್ತು. ಹಳೆಯ ಪಿಸ್ಟನ್‌ಗಳನ್ನು ಕರಗಿಸಿ ಮರಳಚ್ಚಿನಲ್ಲಿ ಎರಡು ಸಲ ಹೊಯ್ದೆ. ಹೊರಮೈ ಚೆನ್ನಾಗಿಯೇ ಇತ್ತು. ಮಿಲ್ಲಿಂಗ್‌ಗೆ ಹಾಕಿದ ಕೂಡಲೇ ನೀರಿನ ದಾರಿಯ ಪಕ್ಕದಲ್ಲಿ, ವಾಲ್ವ್ ಸೀಟಿನ ಕೆಳಗೆ ರಂಧ್ರಗಳು ಕಂಡವು. ಮರಳಿನ ಕಾಲ ಮುಗಿಯಿತು, ಡೈ ಕಾಸ್ಟಿಂಗ್ (ಲೋಹದ ಅಚ್ಚಿಗೆ ಒತ್ತಡದಿಂದ ಕರಗಿದ ಲೋಹ ನುಗ್ಗಿಸುವುದು) ಮಾಡಿಸಿ ಎನ್ನುತ್ತಾರೆ. ನಿಜವೇ?

ಉತ್ತರ 1:
ನಾನು 30 ವರ್ಷ ಅಚ್ಚು ಕಟ್ಟಿದವನು. ಮರಳನ್ನು ದೂರುವ ಮೊದಲು ರಂಧ್ರದ ಒಳಗೋಡೆಯನ್ನು ಭೂತಗನ್ನಡಿ ಹಿಡಿದು ನೋಡಿ. ದುಂಡಗೆ, ನುಣುಪಾಗಿದ್ದರೆ ಅನಿಲದ ಕೆಲಸ. ಒರಟಾಗಿ, ಹರಿದಂತಿದ್ದರೆ ಲೋಹ ಕುಗ್ಗಿದ್ದು.

ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹಿಡಿದಿಟ್ಟುಕೊಳ್ಳಲಾರದೆ ಉಗುಳುತ್ತದೆ. ಲೋಹ ಕಾದಷ್ಟೂ ಹೀರುವುದು ಹೆಚ್ಚು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, 750 ದಾಟಿಸಬೇಡಿ. ಸೌಟು, ಕಲಕುವ ಸಲಾಕೆ, ತುಂಡು ಲೋಹ ಎಲ್ಲವನ್ನೂ ಕಾಯಿಸಿಯೇ ಬಳಸಿ. ಕರಗಿದ ಲೋಹದೊಳಗೆ ಆರ್ಗಾನ್ ಅನಿಲ ಹಾಯಿಸಿದರೆ ಹೈಡ್ರೋಜನ್ ಇಳಿಯುತ್ತದೆ.

ಕುಗ್ಗುವಿಕೆಗೆ ಮದ್ದು ಬೇರೆ. ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ, ಆಗ ಅದಕ್ಕೆ ಉಣಿಸಲು ದ್ರವ ಲೋಹ ಉಳಿದಿರಬೇಕು. ಅಲ್ಲಿ ರೈಸರ್ (ಹೆಚ್ಚುವರಿ ದ್ರವ ಲೋಹ ನಿಲ್ಲುವ ಗುಂಡಿ) ಇಡಿ, ಇಲ್ಲವೇ ಅಚ್ಚಿನಲ್ಲಿ ಕಬ್ಬಿಣದ ತುಂಡು (ಚಿಲ್) ಹೂತು ಆ ಜಾಗವನ್ನು ಬೇಗ ತಣಿಸಿ.

ಪಿಸ್ಟನ್ ಲೋಹದಲ್ಲಿ ಸಿಲಿಕಾನ್ ಸುಮಾರು 12 ಶೇಕಡ ಇರುತ್ತದೆ. ಹೆಡ್‌ಗೆ 7 ಶೇಕಡ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಇರುವ ಮಿಶ್ರಲೋಹವೇ ಒಳ್ಳೆಯದು. ಅದು ಬಿರುಕನ್ನು ಹೆಚ್ಚು ತಾಳುತ್ತದೆ, ಶಾಖೋಪಚಾರಕ್ಕೂ (ಕಾಯಿಸಿ ತಣಿಸಿ ಬಲಪಡಿಸುವುದಕ್ಕೂ) ಒಗ್ಗುತ್ತದೆ.

ಉತ್ತರ 2:
ಡೈ ಕಾಸ್ಟಿಂಗ್ ಸಲಹೆ ಕೊಟ್ಟವರು ಹೆಡ್‌ನ ಒಳಗನ್ನು ನೋಡಿಲ್ಲ. ಅಧಿಕ ಒತ್ತಡದಲ್ಲಿ ನುಗ್ಗುವ ಲೋಹ ಗಾಳಿಯನ್ನೂ ಸೆರೆಹಿಡಿಯುತ್ತದೆ, ಮುಂದೆ ಶಾಖೋಪಚಾರಕ್ಕೆಂದು 540 ಡಿಗ್ರಿಯಲ್ಲಿ ಕಾಯಿಸಿದಾಗ ಮೈಯೆಲ್ಲ ಗುಳ್ಳೆ. ನೀರಿನ ದಾರಿಯಂಥ ಟೊಳ್ಳುಗಳಿಗಾಗಿ ಅಚ್ಚಿನೊಳಗೆ ಇಡುವ ಸಾಮಾನ್ಯ ಮರಳಿನ ಕೋರ್ ಆ ಹೊಡೆತಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಕಾರ್ಖಾನೆಗಳು ಇಂದಿಗೂ ಹೆಚ್ಚಿನ ಹೆಡ್‌ಗಳನ್ನು ಲೋಹದ ಅಚ್ಚಿನೊಳಗೆ ಮರಳಿನ ಕೋರ್ ಇಟ್ಟು, ಗುರುತ್ವದಿಂದಲೋ ಕಡಿಮೆ ಒತ್ತಡದಿಂದಲೋ ಹೊಯ್ಯುತ್ತವೆ. ಒಂದೇ ಹೆಡ್‌ಗೆ ಆಧುನಿಕ ದಾರಿ ಬೇಕೆಂದರೆ ಮರಳಿನ ಅಚ್ಚನ್ನೇ 3ಡಿ ಪ್ರಿಂಟ್ ಮಾಡಿಸಿ. ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಕೆತ್ತುವ ಶ್ರಮ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಈಗ ನೋಡಿದೆ. ವಾಲ್ವ್ ಕೆಳಗಿನವು ಒರಟು. ನೀರಿನ ದಾರಿಯ ಪಕ್ಕದವು ನುಣುಪು, ಕಡಲೆಕಾಳಿನಷ್ಟು ದೊಡ್ಡವು, ಕೋರ್‌ಗೆ ಅಂಟಿಕೊಂಡಂತೆಯೇ ಇವೆ. ಕೋರ್ ಒಣಗಿಸಿ ಎರಡು ದಿನ ಹಾಗೆಯೇ ಇಟ್ಟಿದ್ದೆ. ಆಗ ಮಳೆ ಸುರಿಯುತ್ತಿತ್ತು.

ಉತ್ತರ 1:
ಹಾಗಾದರೆ ಆ ದೊಡ್ಡ ಗುಳ್ಳೆಗಳು ಕೋರ್‌ನಿಂದಲೇ ಬಂದಿರಬೇಕು. ಒಣಗಿದ ಕೋರ್ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಹೊಯ್ಯುವ ದಿನವೇ ಮತ್ತೊಮ್ಮೆ ಕಾಯಿಸಿ ಕೂರಿಸಿ. ಕೋರ್‌ನ ನಡುವೆ ತಂತಿಯಿಂದ ಒಂದು ಗಾಳಿದಾರಿ ಮಾಡಿ, ಅದು ಅಚ್ಚಿನ ಹೊರಗೆ ತೆರೆದುಕೊಳ್ಳಲಿ. ಮೂರನೆಯ ಹೆಡ್ ಕತ್ತರಿಸಿದಾಗ ಫೋಟೋ ಹಾಕಿ, ಕಾಯುತ್ತಿರುತ್ತೇನೆ.