ಪದ ಬೇಕು: ಕಂಟೇನರ್ ಒಳಗಿನ ನೋಡ್, ಇವತ್ತು ಸಂಜೆಯೊಳಗೆ

ಗೋಣಿಕೊಪ್ಪದಿಂದ:
ಎಲ್ರಿಗೂ ನಮಸ್ಕಾರ. ಇಲ್ಲಿ ಕಾಲೇಜು ಹುಡುಗ್ರಿಗೆ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ಹಣದ ನೋಡ್ ತಂತ್ರಾಂಶ) ಅನ್ನ ಡಾಕರ್‌ನಲ್ಲಿ (ತಂತ್ರಾಂಶನ ಕಂಟೇನರ್ ಅನ್ನೋ ಪ್ರತ್ಯೇಕ ಆವರಣದೊಳಗೆ ಇಟ್ಟು ನಡ್ಸೋ ಸಾಧನ) ನಡ್ಸೋದರ ಬಗ್ಗೆ ಪೋಸ್ಟರ್ ಮಾಡ್ತಿದೀವಿ, ಪ್ರೆಸ್‌ನೋರು ಆರಕ್ಕೆ ಬಾಗ್ಲು ಹಾಕ್ತಾರೆ. "ಕಂಟೇನರ್‌ನಲ್ಲಿ ನೋಡ್ ಓಡಿಸಿ" ಅಂತ ಕೊಟ್ರೆ ಡಿಟಿಪಿಯೋರು ತಿದ್ದಿ "ಕಂಟೇನರ್‌ನಲ್ಲಿ ನೋಡಿ ಓಡಿಸಿ" ಮಾಡಿಟ್ಟಿದಾರೆ. ಕಂಟೇನರ್, ನೋಡ್ ಎರಡಕ್ಕೂ ಕನ್ನಡ ಪದ ಹೇಳಿ. ನೋಡ್ ಅಂದ್ರೆ ಹೊಸ ಬಿಟ್‌ಕಾಯಿನ್ ಗಳಿಸೋ ಮೈನಿಂಗ್ ಮಷಿನ್ ಅಲ್ಲ, 2009ರ ಜನವರಿ 3ರ ಮೊದಲ ಬ್ಲಾಕಿಂದ (ಬ್ಲಾಕ್ ಅಂದ್ರೆ ವಹಿವಾಟಿನ ಲೆಕ್ಕದ ಒಂದು ಕಂತು) ಇವತ್ತಿನವರೆಗಿನ ಲೆಕ್ಕಾನೆಲ್ಲ ಯಾರನ್ನೂ ನಂಬ್ದೆ ತಾನೇ ತಾಳೆ ಹಾಕೋ ತಂತ್ರಾಂಶ.

ಶನಿವಾರಸಂತೆಯಿಂದ:
ನೋಡ್‌ಗೆ ಗೆಣ್ಣು. ಇದ್ರಲ್ಲಿ ಚರ್ಚೆ ಏನಿದೆ? ಸಿಲ್ವರ್ ಓಕ್‌ಗೆ ಹಬ್ಬಿರೋ ಮೆಣಸಿನ ಬಳ್ಳಿ ನೋಡಿ, ಮರ ಹಿಡ್ಕೊಳ್ಳೋ ಬೇರು ಬರೋದು ಗೆಣ್ಣಿಂದ್ಲೇ. ಕಂಟೇನರ್‌ಗೆ ಧಾರಕ ಅಂತ ಮಾತ್ರ ಬರೀಬೇಡಿ, ಅದು ಸಂಸ್ಕೃತ, ಸಾಲದ್ದಕ್ಕೆ ಫಿಸಿಕ್ಸ್‌ನಲ್ಲಿ ಕೆಪಾಸಿಟರ್‌ಗೆ ಕೊಟ್ಟಾಗಿದೆ. ಪೆಟ್ಟಿಗೆ ಅನ್ನಿ ಸಾಕು.

ವಿರಾಜಪೇಟೆಯಿಂದ:
"ಪೆಟ್ಟಿಗೆಯೊಳಗೆ ಗೆಣ್ಣು" ಅಂದ್ರೆ ಹುಡುಗ್ರು ಚಮಚ ತಗೊಂಡು ಬರ್ತಾರೆ ಸಾರ್.

ಶನಿವಾರಸಂತೆಯಿಂದ:
ತಿನ್ನೋದು ಗಿಣ್ಣು, ಇದು ಗೆಣ್ಣು. ಇಕಾರ ಎಕಾರ ಗೊತ್ತಿಲ್ದೋರು ಇಲ್ಲಿ ಬರೀಬಾರ್ದು.

ಕುಶಾಲನಗರದಿಂದ:
ಪೆಟ್ಟಿಗೆ ಸರಿಯಾಗಲ್ಲ. ಪೆಟ್ಟಿಗೇಲಿ ಇಟ್ಟಿದ್ದು ಅಲ್ಲೇ ಇರತ್ತೆ, ಕಂಟೇನರ್ ಅಳಿಸಿದ್ರೆ ಅದರೊಳಗೆ ಬರ್ದಿದ್ದೂ ಹೋಯ್ತು, ಅದಕ್ಕೇ ಬ್ಲಾಕ್‌ಗಳನ್ನ ಹೊರಗೆ ವಾಲ್ಯೂಮ್‌ನಲ್ಲಿ (ಕಂಟೇನರ್ ಅಳಿಸಿದ್ರೂ ಉಳಿಯೋ ಡಿಸ್ಕ್ ಜಾಗ) ಇಡೋದು, ಇಲ್ಲಾಂದ್ರೆ 600 ಜಿಬಿಗಿಂತ ಜಾಸ್ತಿ ಡೇಟಾ ಮತ್ತೆ ಮೊದ್ಲಿಂದ ಇಳಿಸ್ಕೋಬೇಕು, ಅದೂ ನಮ್ಮ ಕಡೆ ನೆಟ್ಟಲ್ಲಿ. ಕರ್ನಲ್ಲೂ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದರದ್ದಲ್ಲ, ಕೆಳಗಿರೋ ಮಷಿನ್‌ದು. ಬೇರೆಯವ್ರ ಜಾಗದಲ್ಲಿ ಹೂಡಿ ಬೇಕಾದಾಗ ಕಿತ್ಕೊಂಡು ಹೋಗೋದು ಬಿಡಾರ. ದುಬಾರೆ ಆನೆ ಬಿಡಾರ ಅಂತ ಎಲ್ರ ಬಾಯಲ್ಲೂ ಇರೋ ಮಾತು ತಾನೇ. ಹಾಂ, ಪೋಸ್ಟರ್‌ಗೆ ಇನ್ನೊಂದು ಸೇರ್ಸಿ: ಕಂಟೇನರ್ ನಿಲ್ಸೋಕೆ ಡಾಕರ್ ಸ್ಟಾಪ್ ಕಮಾಂಡ್ ಕೊಟ್ರೆ 10 ಸೆಕೆಂಡ್ ಕಾದು ಸಾಯಿಸಿಬಿಡತ್ತೆ, ಮೆಮೊರೀಲಿರೋದನ್ನ ಡಿಸ್ಕಿಗೆ ಬರ್ದು ಮುಗ್ಸೋಕೆ ನೋಡ್‌ಗೆ ಅಷ್ಟು ಸಾಲ್ದೆ ಹೋಗ್ಬೋದು, ಟೈಮ್‌ಔಟ್ ಜಾಸ್ತಿ ಮಾಡಿ. ಮಳೆಗಾಲದ ಕರೆಂಟಿಗೆ ಯುಪಿಎಸ್ಸೂ ಬೇಕು.

ಸಂಪಾಜೆಯಿಂದ:
ಬಿಡಾರದಲ್ಲಿ ಆನೆ ಇರ್ಲಿ ಮಾರಾಯ್ರೇ. ಕೊಡಗಿನ ಕಾಫಿ ಮಂಗಳೂರು ಬಂದರಿಂದ ಹಡಗು ಹತ್ತೋದು ಯಾವುದ್ರಲ್ಲಿ? ಕಂಟೇನರ್‌ನಲ್ಲಿ. ಲೋಡ್ ಮಾಡೋರು ಯಾರಾದ್ರೂ ಪೆಟ್ಟಿಗೆ ಅಂತಾರಾ? ಕುರ್ಚಿ ಅರಬ್ಬಿಯಿಂದ ಬಂತು, ಬಟಾಟೆ ಪೋರ್ಚುಗೀಸರಿಂದ ಬಂತು, ಆಗ ಕನ್ನಡ ಏನೂ ಮುಳುಗ್ಲಿಲ್ಲ.

ಶನಿವಾರಸಂತೆಯಿಂದ:
ಬಟಾಟೆ ಅನ್ನೋದು ಘಟ್ಟದ ಕೆಳಗಿನೋರು. ಉರುಳೆಗಡ್ಡೆ ಅಂತ ಪದ ಇದೆ. ಇರೋದನ್ನ ಮರ್ತು ಹೊರಗಿಂದ ತಂದ್ಕೊಳ್ಳೋದನ್ನ ಉದಾರತೆ ಅಂತ ಬೇರೆ ಕರೀತೀರಿ.

ಸಂಪಾಜೆಯಿಂದ:
ಹಾಗಾದ್ರೆ ಬಿಟ್‌ಕಾಯಿನ್‌ಗೂ ಒಂದು ಹೆಸ್ರು ಇಡಿ, ನಾಮಕರಣಕ್ಕೆ ನಾವೂ ಬರ್ತೇವೆ.

ಗೋಣಿಕೊಪ್ಪದಿಂದ:
ಟೈಮ್ ಆಯ್ತು, "ಕಂಟೇನರ್ ಒಳಗೆ ನೋಡ್ ನಡೆಸೋದು ಹೇಗೆ" ಅಂತ ಕಳಿಸ್ದೆ, ನೋಡ್ ಮುಟ್ಬೇಡಿ ಅಂತ ಡಿಟಿಪಿಯೋರಿಗೆ ಫೋನೂ ಮಾಡ್ದೆ. ಬಿಡಾರ ವಿವರಣೆಯಲ್ಲಿ ಬಂದಿದೆ, 10 ಸೆಕೆಂಡಿನ ವಿಷ್ಯ ಕೂಡ. ವಾಲ್ಯೂಮ್‌ಗೆ ಏನಂತೀರಿ? ಎರಡನೇ ಪೋಸ್ಟರ್ ನಾಳೆ.

ಶನಿವಾರಸಂತೆಯಿಂದ:
ಕಣಜ. ಕೊನೆಗೆ ಇಂಗ್ಲಿಷೇ ಹಾಕೋದಾದ್ರೆ ಇನ್ನು ಕೇಳ್ಬೇಡಿ.